ಎಲ್ಲರಿಗೂ ಒಂದೇ ಹಾಳೆ

ನಾನು ಡ್ರಿಲ್ ಮಾಸ್ತರ. ಸರಕಾರದ ಕಾಗದದಲ್ಲಿ ದೈಹಿಕ ಶಿಕ್ಷಣ ಶಿಕ್ಷಕ ಎಂದಿದೆ, ಆದರೆ ಶಹಾಪುರದಲ್ಲಿ ಒಬ್ಬರೂ ಹಾಗೆ ಕರೆದದ್ದು ನೆನಪಿಲ್ಲ. ಇಪ್ಪತ್ತೆಂಟು ವರ್ಷ ಸೀಟಿ ಊದಿದ್ದೇನೆ. ಸೀಟಿ ಊದುವವನಿಗೆ ಒಂದು ಕೆಟ್ಟ ಚಟ ಹತ್ತುತ್ತದೆ. ಎದುರಿಗೆ ನಿಂತವರು ಸಾಲಾಗಿ ಕಾಣುತ್ತಾರೆ, ಮನುಷ್ಯರಾಗಿ ಕಾಣುವುದಿಲ್ಲ. ಸಾಲಿನಲ್ಲಿ ಒಬ್ಬ ಕುಂಟಿದರೆ ಸಾಲು ಕೆಟ್ಟಿತಲ್ಲ ಎಂದು ಸಿಟ್ಟು ಬರುತ್ತದೆಯೇ ಹೊರತು, ಅವನು ಯಾಕೆ ಕುಂಟಿದ ಎಂದು ಕೇಳಲು ತೋಚುವುದಿಲ್ಲ. ಇದನ್ನು ಬರೆಯುವಷ್ಟು ಬುದ್ಧಿ ಈಗ ಬಂದಿದೆ. ನನಗೆ ಬುದ್ಧಿ ಬರುವುದಕ್ಕೆ ನನ್ನ ಅಕ್ಕ ತನ್ನ ಎಡಗಾಲು ಕೊಡಬೇಕಾಯಿತು.

ನಮ್ಮವ್ವ ಹೋದದ್ದು ಸಕ್ಕರೆ ಕಾಯಿಲೆಯಿಂದ. ಮೊದಲು ಹೆಬ್ಬೆರಳು ಕಪ್ಪಾಯಿತು, ಆಮೇಲೆ ಪಾದ, ಆಮೇಲೆ ಅವ್ವನೇ ಇಲ್ಲ. ನಾವಿಬ್ಬರೇ ಮಕ್ಕಳು. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಸುರಪುರದಿಂದ ಕೊಡೇಕಲ್‌ಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿಗೆ ಅವಳನ್ನು ಕೊಟ್ಟಿದ್ದರು. ಭಾವ ಬೇಗ ತೀರಿಕೊಂಡ. ಮಕ್ಕಳಾಗಿರಲಿಲ್ಲ. ಹೊಲದ ಕೂಲಿ ಮಾಡಿ ನನ್ನನ್ನು ಓದಿಸಿದವಳು ಅವಳು. ಈಚೆಗೆ ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿಕೊಂಡಿದ್ದಳು. ಆಶಾ ಕಾರ್ಯಕರ್ತೆ ಒಂದು ದಿನ ಅಡುಗೆಯವರೆಲ್ಲರ ಬೆರಳು ಚುಚ್ಚಿ ರಕ್ತ ನೋಡಿದಾಗ ಅಕ್ಕನಿಗೂ ಸಕ್ಕರೆ ಇರುವುದು ಗೊತ್ತಾಯಿತು. ಯಾವ ಕಾಲದಿಂದ ಒಳಗೆ ಕೂತಿತ್ತೋ ಯಾರಿಗೆ ಗೊತ್ತು. ಫೋನಿನಲ್ಲಿ ಅವಳು ಅದನ್ನು ಹೇಳಿದಾಗ ನನಗೆ ಕಂಡದ್ದು ಅವ್ವನ ಕಪ್ಪು ಹೆಬ್ಬೆರಳು. ಇವಳ ಕಾಲು ಮಾತ್ರ ಹೋಗಗೊಡುವುದಿಲ್ಲ ಎಂದು ಅಲ್ಲೇ ನಿಂತು ಆಣೆ ಮಾಡಿಕೊಂಡೆ.

ಆಣೆ ಮಾಡಲು ನನಗೆ ಧೈರ್ಯವೂ ಇತ್ತು, ಯಾಕೆಂದರೆ ಅಷ್ಟರಲ್ಲಿ ನಾನು ಊರಿಗೆ ದೊಡ್ಡ ಮನುಷ್ಯನಾಗಿದ್ದೆ. ಬೆಳಗ್ಗೆ ಶಾಲೆಯ ಮೈದಾನದಲ್ಲಿ ಕಿರಾಣಿ ಅಂಗಡಿಯವರು, ಕಚೇರಿಯ ಗುಮಾಸ್ತರು, ನಿವೃತ್ತ ಮಾಸ್ತರರು ಸೇರುತ್ತಿದ್ದರು. ಅವರಿಗೆಲ್ಲ ಸಾವಧಾನ್, ವಿಶ್ರಾಮ್ ಹೇಳಿ ಕೈಕಾಲು ಆಡಿಸುತ್ತಿದ್ದೆ. ಭಾನುವಾರ ಎಲ್ಲಾದರೂ ಆರೋಗ್ಯ ಶಿಬಿರವಿದ್ದರೆ ನನಗೆ ಕರೆ ಬರುತ್ತಿತ್ತು. ನನ್ನ ಹತ್ತಿರ ಒಂದು ಹಾಳೆ ಇತ್ತು. ಹಳೆಯ ತರಬೇತಿಯ ಟಿಪ್ಪಣಿ ಸ್ವಲ್ಪ, ಮೊಬೈಲಿನಲ್ಲಿ ನೋಡಿದ್ದು ಸ್ವಲ್ಪ ಸೇರಿಸಿ ನಾನೇ ಬರೆದದ್ದು. ಎಂಟು ವ್ಯಾಯಾಮ, ಕೊನೆಗೆ ದಪ್ಪ ಅಕ್ಷರದಲ್ಲಿ ‘ದಿನಾಲು ನಲವತ್ತು ನಿಮಿಷ ಬಿರುಸಿನ ನಡಿಗೆ’. ಝೆರಾಕ್ಸ್ ಮಾಡಿಸಿ ಮುದುಕರಿಗೂ ಅದೇ, ಬಸುರಿಗೂ ಅದೇ, ಬೆನ್ನುನೋವಿನವನಿಗೂ ಅದೇ ಕೊಟ್ಟೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುತ್ತಾರಲ್ಲ, ನನ್ನ ಮೊಲಕ್ಕೆ ಎಂಟು ವ್ಯಾಯಾಮ.

ಯಾದಗಿರಿಯ ಗಂಜ್‌ನಲ್ಲಿ, ಕಾಳಿನ ಮಾರುಕಟ್ಟೆಯಲ್ಲಿ, ಒಮ್ಮೆ ಶಿಬಿರವಿದ್ದಾಗ ಒಬ್ಬ ಹಮಾಲ ಆ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ, “ಸರ, ನಾ ಮುಂಜಾನಿಂದ ಸಂಜಿತನಕ ಚೀಲ ಹೊರಾಂವ. ನಾನೂ ನಲವತ್ತು ನಿಮಿಷ ನಡೀಬೇಕೇನ್ರಿ?”

“ಡಾಕ್ಟರ ನೀನೋ ನಾನೋ?” ಎಂದು ಗದರಿಸಿದೆ. ಸುತ್ತಲಿನವರು ನಕ್ಕರು. ಅವನು ಹಾಳೆಯನ್ನು ನಾಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. ನಾನೂ ಡಾಕ್ಟರ್ ಅಲ್ಲ ಅನ್ನುವುದು ಆ ಹೊತ್ತಿಗೆ ನನಗೇ ಮರೆತುಹೋಗಿತ್ತು.

ನನ್ನ ಹೆಂಡತಿ ಮನೆಯಲ್ಲಿ ಜಂಪರ್ ಹೊಲಿಯುತ್ತಾಳೆ. ಹಮಾಲನ ಕತೆ ಹೇಳಿ ನಾನು ನಗುತ್ತಿದ್ದಾಗ ಅವಳು ನಗಲಿಲ್ಲ. “ಅಲ್ರಿ, ನಾ ಒಂದು ಜಂಪರ ಹೊಲಿಯಾಕ ಹೆಗಲು, ತೋಳು, ಎದಿ ಅಂತ ಏಳು ಕಡಿ ಅಳತಿ ತಗೋತೀನಿ. ನೀವು ಮಂದಿ ಮೈಗೆ ಕೈ ಹಾಕಾವ್ರು, ಒಂದು ಕಡಿನೂ ಅಳತಿ ತಗೋಳಂಗಿಲ್ಲಲ್ರಿ?” ಅಂದಳು.

“ಬಟ್ಟಿ ಬ್ಯಾರೆ, ಮೈ ಬ್ಯಾರೆ. ನೀ ಸುಮ್ನ ಮಶೀನ್ ತುಳಿ” ಅಂದೆ. ಹೆಂಡತಿ ಹೇಳಿದ್ದು ಸರಿ ಇರಬಹುದು ಎಂದು ಒಪ್ಪುವ ಗಂಡಸು ನಮ್ಮ ಕಡೆ ಅಪರೂಪ, ನಾನಂತೂ ಅಲ್ಲ.

ಅದೇ ಹಾಳೆಯನ್ನು ಹಿಡಿದುಕೊಂಡು ಭಾನುವಾರ ಬೈಕ್ ಮೇಲೆ ಅಕ್ಕನ ಊರಿಗೆ ಹೋದೆ. ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನಾನು ಓದಿ ಹೇಳಿದೆ. ಅವಳು ಹಿಟ್ಟಿನ ಕೈಯಲ್ಲೇ ನನ್ನ ಮುಖ ನೋಡಿದಳು.

“ಮುಂಜಾನಿಂದ ಸಾಲಿ ಅಡಗಿಮನ್ಯಾಗ ನಿಂತೇ ಇರತೀನಲ್ಲೋ ತಮ್ಮಾ. ಅಷ್ಟು ಮಕ್ಕಳಿಗೆ ಅನ್ನಾ ಸಾರು ಮಾಡಿ, ಡಬರಿ ಎತ್ತಿ ಇಳಿಸಿ, ನೀರು ಹೊತ್ತು ಮನಿಗೆ ಬರೂದ್ರಾಗ ಮೈ ನುಗ್ಗಾಗಿರತೈತಿ. ಇನ್ನ ಈ ನಡಿಯೂದು ಯಾವದೋ?”

“ಅದು ಕೆಲಸ ಅಕ್ಕಾ. ಇದು ವ್ಯಾಯಾಮ.”

“ಮೈಗೆ ಗೊತ್ತಾಗತೈತೇನೋ, ಇದು ಕೆಲಸ, ಇದು ವ್ಯಾಯಾಮ ಅಂತ?”

ಆಗ ಉತ್ತರದ ಬದಲು ದನಿ ಏರಿಸಿದೆ. ಅವಳು ರೊಟ್ಟಿಯನ್ನು ಹೆಂಚಿಗೆ ಹಾಕಿ, ತನ್ನ ನಿಜವಾದ ಕಷ್ಟವನ್ನು ಸಣ್ಣ ದನಿಯಲ್ಲಿ ಹೇಳಿದಳು.

“ಖಾಲಿ ಕೈಲೆ ಹೆಣ್ಮಗಳು ಹಾದಿ ಹಿಡದು ಹೊಂಟ್ರ ಮಂದಿ ಏನಂತಾರೋ? ಕೈಯಾಗ ಕೊಡ ಇಲ್ಲ, ತಲಿ ಮ್ಯಾಲ ಹೊರಿ ಇಲ್ಲ. ಎಲ್ಲಿಗೆ ಹೊಂಟೀಯವ್ವಾ ಅಂದ್ರ ಏನ್ ಹೇಳ್ಲಿ? ಎಲ್ಲಿಗೂ ಇಲ್ಲ, ಸುಮ್ನ ಹೊಂಟೀನಿ ಅನ್ಲೇನು? ಗಂಡ ಸತ್ತಾಕಿ ಬ್ಯಾರೆ ನಾ.”

“ಮಂದಿ ಬಾಯಿಗೆ ಅಂಜಿ ಕುಂತ್ರ ಅವ್ವಗ ಆದಂಗ ನಿನಗೂ ಆಗತೈತಿ. ಆಕಿ ಕಾಲು ಹೆಂಗ ಹೋತು ಅಂತ ನೋಡಿದಿಲ್ಲೇನು? ನಿನ್ನ ಕಾಲು ಹೋಗಬೇಕೇನು?” ಎಂದು ಕೂಗಿದೆ. ಪಕ್ಕದ ಮನೆಗೂ ಕೇಳಿಸಿರಬೇಕು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೋ ಕಣ್ಣೀರೋ ನಾನು ನೋಡಲಿಲ್ಲ. ಅವತ್ತು ಅವಳ ಬಿಸಿ ರೊಟ್ಟಿಯನ್ನು ಸಿಟ್ಟಿನಲ್ಲೇ ತಿಂದು ಬಂದೆ.

ಮೂರು ದಿನ ಬಿಟ್ಟು ಅವಳದೇ ಫೋನು ಬಂತು. ದನಿಯಲ್ಲಿ ಹುಡುಗಿಯಂಥ ಉಮೇದು ಇತ್ತು.

“ಹಾದಿ ಸಿಕ್ತೋ ತಮ್ಮಾ. ಕೊಡೇಕಲ್ ಗದ್ದಗಿಗೆ ಹರಕಿ ಹೊತ್ತೀನಿ. ದಿನಾ ಮುಂಜಾನಿ ಹಳ್ಳದ ದಂಡಿ ಹಣಮಪ್ಪನ ಗುಡಿತನಕ ಹೋಗಿ ಬರೂದು, ಅಮಾಸಿಗೊಮ್ಮಿ ಕೊಡೇಕಲ್‌ತನಕ. ಹರಕಿ ಅಂದ್ರ ಯಾವಾಕಿನೂ ಬಾಯಿ ತಗಿಯಂಗಿಲ್ಲ.”

ಹೆಣ್ಣುಮಗಳು ತನ್ನ ಮೈಗಾಗಿ ನಡೆದರೆ ನಾಚಿಕೆಗೇಡು, ದೇವರಿಗಾಗಿ ನಡೆದರೆ ಕೈ ಮುಗಿಯುತ್ತಾರೆ. ಈ ಊರುಗಳ ನ್ಯಾಯ ಅದು. ಅಕ್ಕ ಆ ನ್ಯಾಯದ ಸಂದಿಯಲ್ಲೇ ದಾರಿ ಮಾಡಿಕೊಂಡಿದ್ದಳು. “ಭಲೇ ಅಕ್ಕಾ! ಏನಾರ ಹೇಳು, ಕಾಲು ಮಾತ್ರ ನಿಲ್ಲಬಾರದು” ಅಂದೆ. ಹರಕೆಗೆ ಒಂದು ಗುಣವಿದೆ, ನಡುವೆ ಬಿಡುವಂತಿಲ್ಲ. ವ್ಯಾಯಾಮವನ್ನಾದರೆ ಕಾಲು ನೋಯುತ್ತಿದೆ, ಇವತ್ತು ಬೇಡ ಎಂದು ಬಿಡಬಹುದು. ಆ ವ್ಯತ್ಯಾಸ ಆಗ ಹೊಳೆಯಲಿಲ್ಲ.

ಮುಂದಿನ ಸಲ ಹೋದಾಗ, ಅವಳು ಎಷ್ಟು ಬಿರುಸಾಗಿ ನಡೆಯುತ್ತಾಳೆ ನೋಡೋಣ ಎಂದು ಗಡಿಯಾರ ಹಿಡಿದು ಹಿಂದೆ ಹೊರಟೆ. ಎರಡೂ ಕಡೆ ಹತ್ತಿ ಹೊಲ, ನಡುವೆ ಬಂಡಿದಾರಿ. ಅಕ್ಕ ಮುಂದೆ ದಡದಡ ನಡೆಯುತ್ತಿದ್ದಳು. ಅವಳ ಎಡಗಾಲಿನ ಹವಾಯಿ ಚಪ್ಪಲಿ ದಾರಿಯಲ್ಲೇ ಉಳಿಯಿತು. ಅವಳು ನಿಲ್ಲಲಿಲ್ಲ. ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು, ಹಾಗೇ ಹದಿನೈದು ಇಪ್ಪತ್ತು ಹೆಜ್ಜೆ ಹೋದಳು. “ಅಕ್ಕಾ, ಚಪ್ಪಲಿ!” ಎಂದು ಕೂಗಿದೆ. ತಿರುಗಿ ನೋಡಿ, ಕಾಲು ನೋಡಿಕೊಂಡು, ಬಾಯಿಗೆ ಸೆರಗು ಹಿಡಿದು ನಕ್ಕಳು.

“ಅಯ್ಯ ನನ್ನ ಶಿವನ, ಮತ್ತ ಬಿತ್ತೇನು? ಈಗೀಗ ಹಿಂಗ ಆಗಾಕತ್ತೈತೋ ತಮ್ಮಾ. ಚಪ್ಪಲಿ ಕಾಲಾಗಿಂದ ಯಾವಾಗ ಉಚ್ಚತೈತೋ ಗೊತ್ತ ಆಗಂಗಿಲ್ಲ ನೋಡು.”

ತನ್ನ ಚಪ್ಪಲಿ ಬಿದ್ದದ್ದು ತಿಳಿಯದ ಕಾಲಿಗೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ಸದ್ದಿಲ್ಲದೆ ಕೊಂದಿರುತ್ತದೆ. ಅಂಥ ಕಾಲನ್ನು ಮೊದಲು ನೋಡಬೇಕು, ಮುಟ್ಟಬೇಕು, ಮೆತ್ತನೆಯ, ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಸಬೇಕು, ನಡೆಸಬೇಕೋ ಕೂರಿಸಿ ವ್ಯಾಯಾಮ ಮಾಡಿಸಬೇಕೋ ಎಂಬುದು ಆಮೇಲಿನ ಮಾತು. ಇದೆಲ್ಲ ನಾನು ಈಗ ಕಲಿತದ್ದು. ಅಕ್ಕ ತನ್ನ ಕಾಯಿಲೆಯ ಗುರುತನ್ನು ತಾನೇ, ತನ್ನ ಬಾಯಿಂದಲೇ ನನಗೆ ಹೇಳಿದ್ದಳು. ಯಾವ ರಕ್ತ ಪರೀಕ್ಷೆಯೂ ಇಷ್ಟು ಸ್ಪಷ್ಟವಾಗಿ ಹೇಳುತ್ತಿರಲಿಲ್ಲ. ನಾನು ಏನು ಮಾಡಿದೆ? ನಕ್ಕೆ. ಸಾಲಿನಲ್ಲಿ ಒಬ್ಬಳ ಹೆಜ್ಜೆ ತಪ್ಪಿತಲ್ಲ ಎಂದು ಕಿರಿಕಿರಿಯೂ ಆಯಿತು.

“ಹಂಗಿದ್ರ ತಗದ ಒಗಿ ಅವನ್ನ. ಹರಕಿ ಅಂದ ಮ್ಯಾಲ ಬರಿಗಾಲಿಲೆ ನಡಿ. ಬರಿಗಾಲು ಮಣ್ಣಿಗೆ ಹತ್ತಿದ್ರ ರಕ್ತ ಚಲೋ ಓಡತೈತಿ” ಅಂದೆ. ಅದನ್ನು ಯಾವುದೋ ವಿಡಿಯೋದಲ್ಲಿ ಕೇಳಿದ್ದೆ. ಯಾರು ಹೇಳಿದ್ದು, ಯಾರಿಗೆ ಹೇಳಿದ್ದು, ದೇವರೇ ಬಲ್ಲ.

“ಖರೇನೋ?”

“ನಾ ಸುಳ್ಳು ಹೇಳ್ತೀನೇನು?”

ಅವಳು ಇನ್ನೊಂದನ್ನೂ ಬಿಚ್ಚಿ, ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದು ಗೋಡೆಯ ಗೂಡಿನಲ್ಲಿ ಇಟ್ಟಳು. ತಮ್ಮ ಹೇಳಿದ ಮೇಲೆ ಮುಗಿಯಿತು. ಓದಿದ ತಮ್ಮ, ತಾನೇ ಓದಿಸಿದ ತಮ್ಮ.

ಆಮೇಲೆ ನನ್ನ ಮೆರವಣಿಗೆ. ಸುರಪುರದ ಒಂದು ಶಿಬಿರಕ್ಕೆ ಅಕ್ಕನನ್ನು ಕರೆಸಿ ವೇದಿಕೆ ಹತ್ತಿಸಿದೆ. ಅವಳು ಬರಿಗಾಲಲ್ಲೇ ಮೆಟ್ಟಿಲು ಹತ್ತಿ, ತಲೆತುಂಬ ಸೆರಗು ಹೊದ್ದು ನಿಂತಳು. “ನೋಡ್ರಿ, ನಮ್ಮ ಅಕ್ಕ. ಈ ವಯಸ್ಸಿನ್ಯಾಗ ದಿನಾ ನಡೀತಾಳ. ನಿಮಗೇನು ಧಾಡಿ?” ಎಂದು ಮೈಕಿನಲ್ಲಿ ಕೂಗಿದೆ. ಚಪ್ಪಾಳೆ ಬಿತ್ತು. ನನಗೆ ಶಾಲು ಹೊದಿಸಿದರು. ಅವಳು ಆ ಶಾಲಿನ ಅಂಚು ಮುಟ್ಟಿ ನೋಡಿ, ಚಲೋ ಐತಿ ಅಂದಳು. ಊರಿಗೆ ಉಪಕಾರಿ ಮನೆಗೆ ಮಾರಿ ಅನ್ನುವ ಮಾತು ಕಟ್ಟಿದವನು ನನ್ನಂಥವನನ್ನೇ ನೋಡಿ ಕಟ್ಟಿರಬೇಕು.

ದಿನಾ ಬೆಳಗ್ಗೆ ಆರೂವರೆಗೆ ಅವಳಿಗೆ ಫೋನು ಮಾಡುತ್ತಿದ್ದೆ. “ನಡದಿಯೇನು?” “ನಡದೆನೋ ತಮ್ಮಾ.” ಅಷ್ಟೇ. ಉಂಡೆಯಾ, ನಿದ್ದೆ ಬಂತಾ, ಗುಳಿಗೆ ತಗೊಂಡೆಯಾ, ಯಾವುದೂ ಇಲ್ಲ. ಹಾಜರಿ ಕರೆಯುವ ಮಾಸ್ತರನಿಗೆ ಎಸ್ಸಾರ್ ಅಂದರೆ ಸಾಕು. ಒಂದು ಬೆಳಗ್ಗೆ ಅವಳು ಎಸ್ಸಾರ್‌ಗಿಂತ ಒಂದು ಮಾತು ಹೆಚ್ಚು ಹೇಳಿದಳು. “ಎಡಗಾಲು ಒಂದೀಟು ಬಾತೈತೋ ತಮ್ಮಾ. ಬ್ಯಾನಿ ಏನೂ ಇಲ್ಲ.”

“ನಡದ್ರ ಇಳೀತೈತಿ” ಅಂದೆ. ಮೈದಾನದಲ್ಲಿ ಜನ ಕಾಯುತ್ತಿದ್ದರು. ಫೋನು ಇಟ್ಟೆ.

ಬಾತ ಕಾಲಿಗೆ ನೋವೇ ಇಲ್ಲ ಎಂದಳಲ್ಲ, ಅದೇ ನನ್ನನ್ನು ಹೆದರಿಸಬೇಕಿತ್ತು. ಅವಳ ಅಂಗಾಲಿನಲ್ಲಿ ಜಾಲಿ ಮುಳ್ಳು ಮುರಿದು ಒಳಗೇ ಉಳಿದಿತ್ತು. ಅದರ ಮೇಲೆ ಅವಳು ದಿನಾ ಹಳ್ಳದ ದಂಡೆಗೆ ಹೋಗಿ ಬಂದಳು, ಹಗಲೆಲ್ಲ ಡಬರಿ ಎತ್ತಿದಳು. ನಡುವೆ ಅಮಾವಾಸ್ಯೆ ಬಂತು, ಕೊಡೇಕಲ್‌ಗೂ ಹೋಗಿಬಂದಳು. ಹರಕೆ ಮುರಿದರೆ ದೇವರ ಸಿಟ್ಟು, ನಡಿಗೆ ಬಿಟ್ಟರೆ ತಮ್ಮನ ಸಿಟ್ಟು. ಎರಡು ಸಿಟ್ಟಿನ ನಡುವೆ ಅವಳಿಗೆ ಕೂರಲು ಜಾಗ ಎಲ್ಲಿತ್ತು? ಕೊನೆಗೆ ಶಾಲೆಯ ಅಡುಗೆಮನೆಯಲ್ಲಿ ಏನೋ ಸತ್ತ ವಾಸನೆ ಬರುತ್ತಿದೆ ಎಂದು ಜೊತೆಗಿನ ಅಡುಗೆಯವಳು ಇಲಿ ಹುಡುಕಿದಳಂತೆ. ಚೀಲಗಳನ್ನೆಲ್ಲ ಸರಿಸಿ ನೋಡಿದರು. ಇಲಿ ಇರಲಿಲ್ಲ. ವಾಸನೆ ಅಕ್ಕನ ಕಾಲಿನದು.

ಯಾದಗಿರಿಯ ದವಾಖಾನೆಗೆ ಕರೆದೊಯ್ದೆವು. ಡಾಕ್ಟರು ಕಾಲಿಗೆ ಕಡ್ಡಿ ಮುಟ್ಟಿಸಿ ಕೇಳಿದರು, “ಇಲ್ಲಿ ಗೊತ್ತಾಗತೈತೇನ್ರಿ? ಇಲ್ಲಿ?” ಅಕ್ಕ ಕಣ್ಣು ಮುಚ್ಚಿಕೊಂಡು, ಮುಟ್ಟಿದ್ದೇ ತಿಳಿಯದೆ, “ಯಾವಾಗ ಮುಟ್ಟತೀರಿ ಹೇಳ್ರಿ ಸಾಹೇಬ್ರ” ಅಂದಳು. ಅವರು ಬೆರಳುಗಳನ್ನು ಉಳಿಸಲು ನೋಡಿದರು, ಆಮೇಲೆ ಪಾದವನ್ನು. ಕೊನೆಗೆ ಮೊಣಕಾಲಿನ ಕೆಳಗೆ ಒಂದು ಗೇಣು ಬಿಟ್ಟು ತೆಗೆದರು. ಸಹಿ ಹಾಕಿದವನು ನಾನೇ. ಅವ್ವನಿಗೆ ಆದದ್ದು ಅಕ್ಕನಿಗೆ ಆಗಗೊಡುವುದಿಲ್ಲ ಎಂದಿದ್ದೆನಲ್ಲ, ಅಕ್ಕನ ಕಾಲನ್ನು ನಾನೇ ಅಲ್ಲಿಯವರೆಗೆ ನಡೆಸಿಕೊಂಡು ಬಂದಿದ್ದೆ.

ಹತ್ತು ಹನ್ನೆರಡು ದಿನಗಳಾದ ಮೇಲೆ ಒಬ್ಬ ಫಿಜಿಯೋಥೆರಪಿ ಹುಡುಗಿ ವಾರ್ಡಿಗೆ ಬಂದಳು. ನನ್ನ ಮಗಳ ವಯಸ್ಸು. ಕೈಯಲ್ಲಿ ಹಾಳೆ ಇರಲಿಲ್ಲ, ಒಂದು ಖಾಲಿ ನೋಟ್‌ಬುಕ್ ಇತ್ತು. ಮಂಚದ ಮೇಲೆ ಅಕ್ಕನ ಪಕ್ಕದಲ್ಲೇ ಕೂತಳು. ಮೊದಲು ಬಲಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆರಳ ಸಂದಿಗಳನ್ನೆಲ್ಲ ಬಿಡಿಸಿ ನೋಡಿದಳು. ಅಕ್ಕ ಸಂಕೋಚದಿಂದ, “ಬ್ಯಾಡವ್ವಾ, ಕಾಲು ಮುಟ್ಟಬ್ಯಾಡ” ಎಂದು ಎಳೆದುಕೊಂಡರೂ ಹುಡುಗಿ ಬಿಡಲಿಲ್ಲ.

“ಏನ್ ಕೆಲಸ ಮಾಡ್ತಿದ್ರಿ ಅಮ್ಮಾ? ನಿಂತೋ, ಕುಂತೋ? ಮನಿ ಹೊಸ್ತಿಲ ಎಷ್ಟು ಎತ್ತರ ಐತ್ರಿ? ನಳ ಎಷ್ಟು ದೂರ? ಪಾಯಖಾನಿ ಒಳಗೈತೋ ಹೊರಗೋ? ಏಳಬೇಕಾದ್ರ ಯಾವ ಕೈ ಊರತೀರಿ?”

ಅರ್ಧ ತಾಸು ಕೇಳಿದಳು. ಇಪ್ಪತ್ತೆಂಟು ವರ್ಷದಲ್ಲಿ ನಾನು ಯಾರನ್ನೂ ಅಷ್ಟು ಕೇಳಿದವನಲ್ಲ. ಹೊಸ್ತಿಲು ಎತ್ತರವಿದೆ ಎಂದರೆ ಅದಕ್ಕೊಂದು ವ್ಯಾಯಾಮ, ನೆಲದಿಂದ ಏಳಬೇಕು ಎಂದರೆ ಅದಕ್ಕೊಂದು, ಡಬರಿ ಎತ್ತಿದ ತೋಳಿನಲ್ಲಿ ಇನ್ನೂ ಬಲವಿದೆ ಎಂದು ಮುಟ್ಟಿ ನೋಡಿ ಅದಕ್ಕೊಂದು. ಹಳೆಯ ಸೀರೆಯನ್ನು ಮಂಚದ ಕಾಲಿಗೆ ಕಟ್ಟಿ ಎಳೆಯುವುದು, ಜೋಳದ ಸಣ್ಣ ಗಂಟನ್ನು ತೊಡೆಯ ಮೇಲಿಟ್ಟು ಎತ್ತುವುದು. ಅಕ್ಕನಿಗೆ, ಅಕ್ಕನೊಬ್ಬಳಿಗೇ ಅಂತ ಮಾಡಿದ ವ್ಯಾಯಾಮ. ಪಕ್ಕದ ಮಂಚದ ಹೆಂಗಸು ತಾನೂ ಮಾಡಲೇ ಎಂದಾಗ, “ನಿಮಗ ಇದಲ್ರಿ. ನಿಮ್ಮ ಕಡಿ ಆಮ್ಯಾಲ ಬರ್ತೀನಿ” ಅಂದಳು. ನಾನು ಕಿಟಕಿಯ ಹತ್ತಿರ ನಿಂತು ನೋಡುತ್ತಿದ್ದೆ. ಹೊಟ್ಟೆಕಿಚ್ಚಾಯಿತು, ನಾಚಿಕೆಯೂ ಆಯಿತು. ಈ ಅರ್ಧ ತಾಸು ಅಕ್ಕನಿಗೆ ಎರಡು ಕಾಲಿದ್ದಾಗ ಸಿಕ್ಕಿದ್ದರೆ ಸಾಕಿತ್ತು.

ಕೊನೆಗೆ ಹುಡುಗಿ ಕೇಳಿದಳು, “ಅಮ್ಮಾ, ಮುಳ್ಳು ಹತ್ತೂಕಿಂತ ಮೊದ್ಲು, ಚಪ್ಪಲಿ ಕಾಲಾಗಿಂದ ಜಾರಿದ್ದು ನಿಮಗ ಗೊತ್ತಾಗತಿತ್ತೇನ್ರಿ?”

“ಇಲ್ಲವ್ವಾ. ಗೊತ್ತಾಗತಿರಲಿಲ್ಲ.”

“ಅದನ್ನ ಯಾರ ಮುಂದಾದ್ರೂ ಹೇಳಿದ್ರೇನ್ರಿ? ಆವಾಗ ಹೇಳಿದ್ರ ಕಾಲು ಉಳೀತಿತ್ತಲ್ರಿ.”

ಈಗ ನನ್ನ ಹೆಸರು ಹೇಳುತ್ತಾಳೆ ಎಂದು ಕಾದೆ. ಹೇಳಲಿ ಎಂದೂ ಅನ್ನಿಸಿತು, ಬೇಡಪ್ಪಾ ದೇವರೇ ಎಂದೂ ಅನ್ನಿಸಿತು. ಅಕ್ಕ ನನ್ನ ಕಡೆ ನೋಡಲೇ ಇಲ್ಲ.

“ಇಲ್ಲವ್ವಾ, ಯಾರ ಮುಂದೂ ಹೇಳಿಲ್ಲ ನಾ. ಹುಚ್ಚಿ, ಹರಕಿ ಅಂತ ಬರಿಗಾಲಿಲೆ ಅಡ್ಡಾಡಿದೆ. ನಮ್ಮ ತಮ್ಮಗ ಹೇಳಿದ್ರ ಬಿಡತಿದ್ನೇನು? ಅಂವ ಡ್ರಿಲ್ ಮಾಸ್ತರ ಅದಾನ, ಅವಗ ಇದೆಲ್ಲಾ ಗೊತ್ತಿರತೈತಿ.”

ಹುಡುಗಿ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ತನ್ನಂತೆಯೇ ತಿಳಿದವನೊಬ್ಬನ ಹತ್ತಿರ ಮಾತಾಡುವ ಹಾಗೆ, ಬೇಸರದಿಂದ ತಲೆ ಆಡಿಸಿದಳು. “ನೋಡ್ರಿ ಸರ, ಮನಿಯಾಗ ನಿಮ್ಮಂಥಾವ್ರು ಇದ್ರೂ ಹೇಳಂಗಿಲ್ಲ ಇವರು.”

“ಹೌದ್ರಿ” ಅಂದೆ ನಾನು. “ನಮ್ಮಕ್ಕ ಮೊದಲಿಂದ ಹಂಗ. ಏನೂ ಹೇಳಂಗಿಲ್ಲ.”